ಕೊಲೆಸ್ಟ್ರಾಲ್ ಮಾತ್ರೆ ತಿನ್ನುವವರು ವಿಟಮಿನ್ ತಗೊಳ್ಳಬಹುದೇ?



ನಮ್ಮ ಸಂಘಗಳು ಶುರುವಾದ ಕಾಲದಲ್ಲಿ ಆರೋಗ್ಯದ ಮಾತು ಬಂದರೆ ರಕ್ತಹೀನತೆ, ಹೆರಿಗೆ, ಮಕ್ಕಳ ವಾಂತಿಭೇದಿ ಇಷ್ಟೇ ಇರುತ್ತಿತ್ತು. ಆಗ ಮೂವತ್ತರ ಪ್ರಾಯದಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ. ಹಾಗಾಗಿ ಈಗ ಉಳಿತಾಯದ ಪುಸ್ತಕ ತೆಗೆಯುವ ಮೊದಲೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಂಬ ಮಾತು ಶುರುವಾಗುತ್ತೆ. ಮಾತ್ರೆ ಇಡುವ ಡಬ್ಬಿಯಲ್ಲಿ ಡಾಕ್ಟರು ಬರೆದುಕೊಟ್ಟ ಮಾತ್ರೆಯ ಪಕ್ಕದಲ್ಲೇ ವಿಟಮಿನ್ ಮಾತ್ರೆಯೂ ಇರುತ್ತೆ. ಅದನ್ನು ಮೆಡಿಕಲ್ ಶಾಪಿನವರು ಕೊಟ್ಟಿರಬಹುದು, ದುಬೈಯಲ್ಲಿರುವ ಮಗ ತಂದಿರಬಹುದು, ಪಕ್ಕದ ಮನೆಯವರು ಚೈನ್ ಮಾರ್ಕೆಟಿಂಗಿನಲ್ಲಿ ಮಾರಿರಬಹುದು.

ಈ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಕಿವಿಗೆ ಬೀಳುತ್ತವೆ. ಒಂದು, "ಕೊಲೆಸ್ಟ್ರಾಲ್ ಮಾತ್ರೆ ತಿಂದು ಸುಸ್ತಾಗ್ತಿದೆ, ಅದಕ್ಕೆ ಜೊತೆಗೆ ವಿಟಮಿನ್ ತಗೊಳ್ತಿದೀನಿ" ಅನ್ನೋದು. ಇನ್ನೊಂದು, "ವಿಟಮಿನ್ ತಗೊಂಡ್ರೆ ಆ ಇಂಗ್ಲಿಷ್ ಮಾತ್ರೆಯೇ ಬೇಕಾಗಲ್ವಂತೆ" ಅನ್ನೋದು. ಮೊದಲನೆಯದರಿಂದ ಹೆಚ್ಚಿನ ಸಂದರ್ಭದಲ್ಲಿ ದೊಡ್ಡ ತೊಂದರೆ ಇಲ್ಲ, ಹಣ ಖರ್ಚಾಗುತ್ತೆ ಅಷ್ಟೆ. ಎರಡನೆಯದನ್ನು ನಂಬಿ ಮಾತ್ರೆ ಬಿಟ್ಟವರಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗುವ ಅಪಾಯ ಹೆಚ್ಚುತ್ತೆ. ಅದಕ್ಕಾಗಿ ಈ ಬಾರಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಈ ಮಾತ್ರೆ ಮಾಡುವ ಕೆಲಸ

ಕೊಲೆಸ್ಟ್ರಾಲ್ ಅಂದರೆ ಬರೀ ನಾವು ತಿನ್ನುವ ಎಣ್ಣೆ, ತುಪ್ಪದಿಂದ ಬರುವ ಕೊಬ್ಬು ಅಂತ ಅನೇಕರು ತಿಳಿದಿದ್ದಾರೆ. ನಿಜ ಏನೆಂದರೆ ಅದರ ಹೆಚ್ಚಿನ ಭಾಗವನ್ನು ನಮ್ಮ ದೇಹವೇ ತಯಾರಿಸುತ್ತೆ, ಮುಖ್ಯವಾಗಿ ಲಿವರ್ ಅಂದರೆ ಯಕೃತ್ತು. ಜೀವಕೋಶಗಳಿಗೆ, ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಆದರೆ ಎಲ್.ಡಿ.ಎಲ್. ಎಂಬ ಬಗೆಯದು ರಕ್ತದಲ್ಲಿ ಹೆಚ್ಚಾದರೆ ರಕ್ತನಾಳದ ಒಳಗೋಡೆಯಲ್ಲಿ ಸೇರಿಕೊಂಡು ದಾರಿ ಕಿರಿದಾಗುತ್ತೆ. ಬರೀ ಸೊಪ್ಪು ತರಕಾರಿ ತಿನ್ನುವ, ಸಪೂರ ಮೈಯ ಹೆಂಗಸರಿಗೂ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬರೋದು ಇದರಿಂದಲೇ. ಮುಟ್ಟು ನಿಂತ ಮೇಲೆ ಅದು ಏರುವುದೂ ಸಾಮಾನ್ಯ.

ಇದಕ್ಕೆ ಡಾಕ್ಟರು ಹೆಚ್ಚಾಗಿ ಕೊಡುವುದು ಸ್ಟ್ಯಾಟಿನ್ ಎಂಬ ಗುಂಪಿನ ಮಾತ್ರೆ. ಸ್ಟ್ರಿಪ್ಪಿನ ಮೇಲೆ ಕಂಪನಿಯ ಹೆಸರು ಏನೇ ಇರಲಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಅಂತ ಔಷಧಿಯ ನಿಜವಾದ ಹೆಸರು ಇರುತ್ತೆ. ಇಂಗ್ಲಿಷ್ ಓದಲು ಬಾರದವರು ಮನೆಯಲ್ಲಿ ಓದುವ ಮಕ್ಕಳಿಂದ ಓದಿಸಿಕೊಳ್ಳಿ. ಹೆಸರಿನ ಕೊನೆಗೆ "ಸ್ಟ್ಯಾಟಿನ್" ಅಂತ ಬಂದರೆ ಇದೇ ಗುಂಪು. ಜಪಾನಿನ ವಿಜ್ಞಾನಿ ಅಕಿರ ಎಂಡೊ ಅವರು 1970ರ ದಶಕದಲ್ಲಿ ಒಂದು ಬಗೆಯ ಬೂಷ್ಟಿನಲ್ಲಿ ಈ ಗುಂಪಿನ ಮೊದಲ ಔಷಧಿಯನ್ನು ಕಂಡುಹಿಡಿದರು. ಹಳಸಿದ ರೊಟ್ಟಿಯ ಮೇಲೆ ಬರುತ್ತಲ್ಲ, ಆ ಬೂಷ್ಟಿನ ಜಾತಿಯದೇ!

ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ಈ ಮಾತ್ರೆ ಕಡಿಮೆ ಮಾಡುತ್ತೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತೆ, ರಕ್ತದಲ್ಲಿ ಎಲ್.ಡಿ.ಎಲ್. ಇಳಿಯುತ್ತೆ. ಮಾತ್ರೆ ತಿನ್ನುವಷ್ಟು ದಿನ ಮಾತ್ರ ಈ ಕೆಲಸ ನಡೆಯುತ್ತೆ. "ರಿಪೋರ್ಟ್ ನಾರ್ಮಲ್ ಬಂತು, ಇನ್ನು ಮಾತ್ರೆ ಯಾಕೆ" ಅಂತ ಬಿಟ್ಟರೆ ಕೆಲವೇ ವಾರಗಳಲ್ಲಿ ಹಳೆಯ ಅಂಕಿಯೇ ವಾಪಸ್ಸು ಬರುತ್ತೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ ತಾನೇ?

ವಿಟಮಿನ್ ಬೇರೆ, ಶಕ್ತಿ ಬೇರೆ

ವಿಟಮಿನ್ ಮಾತ್ರೆಯನ್ನು ನಮ್ಮ ಕಡೆ "ಶಕ್ತಿ ಮಾತ್ರೆ" ಅಂತಲೇ ಕರೆಯುತ್ತಾರೆ. ಶಕ್ತಿ ಬರುವುದು ಅನ್ನ, ಮುದ್ದೆ, ಬೇಳೆ, ಎಣ್ಣೆಯಿಂದ. ಆ ಆಹಾರವನ್ನು ದೇಹ ಬಳಸಿಕೊಳ್ಳಲು ನೆರವಾಗುವ, ಬಹಳ ಚಿಕ್ಕ ಪ್ರಮಾಣದಲ್ಲಿ ಸಾಕಾಗುವ ವಸ್ತುಗಳೇ ವಿಟಮಿನ್. ಕೊರತೆ ಇದ್ದವರಿಗೆ ಅದನ್ನು ಕೊಟ್ಟರೆ ಎದ್ದು ಕಾಣುವ ವ್ಯತ್ಯಾಸ ಆಗುತ್ತೆ. ಕೊರತೆ ಇಲ್ಲದವರಿಗೆ ಎಷ್ಟು ಕೊಟ್ಟರೂ ಲಾಭ ಕಾಣದು. ಸಾರಿಗೆ ಉಪ್ಪು ಹಾಕಿದಂತೆ ಅಂದುಕೊಳ್ಳಿ. ಬಿ ಮತ್ತು ಸಿ ವಿಟಮಿನ್ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತೆ, ಬಿ ಕಾಂಪ್ಲೆಕ್ಸ್ ತಿಂದ ದಿನ ಮೂತ್ರ ಕಡು ಹಳದಿ ಆಗುವುದು ಅದಕ್ಕೇ. ಎ, ಡಿ, ಇ, ಕೆ ಇವು ಕೊಬ್ಬಿನಲ್ಲಿ ಕರಗುವಂಥವು. ಎ ಮತ್ತು ಡಿ ದೇಹದಲ್ಲಿ ಉಳಿದುಕೊಂಡು, ಅತಿಯಾದರೆ ವಿಷವೂ ಆಗಬಹುದು.

ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿದ್ದಾರೆ

ವಿಟಮಿನ್ ಹೃದಯವನ್ನು ಕಾಪಾಡುತ್ತೆ ಅನ್ನುವ ಮಾತು ಪೂರ್ತಿ ಗಾಳಿಮಾತು ಅಂತ ತಳ್ಳಿಹಾಕುವ ಹಾಗಿಲ್ಲ. 1990ರ ದಶಕದಲ್ಲಿ ದೊಡ್ಡ ದೊಡ್ಡ ವೈದ್ಯರೂ ಇ ಮತ್ತು ಸಿ ವಿಟಮಿನ್ ರಕ್ತನಾಳಗಳಿಗೆ ಒಳ್ಳೆಯದು ಅಂತ ನಂಬಿದ್ದರು. ಹಾಗಾದರೆ ನೋಡೇಬಿಡೋಣ ಅಂತ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಒಂದು ದೊಡ್ಡ ಪರೀಕ್ಷೆ ನಡೆಸಿದರು. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಮುಂತಾದ ತೊಂದರೆ ಇದ್ದ 20,536 ಜನ ಅದರಲ್ಲಿದ್ದರು. ಕೆಲವರಿಗೆ ದಿನಕ್ಕೆ 40 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್, ಕೆಲವರಿಗೆ ಇ, ಸಿ ಮತ್ತು ಬೀಟಾ ಕ್ಯಾರೋಟಿನ್ ಸೇರಿದ ವಿಟಮಿನ್, ಕೆಲವರಿಗೆ ಎರಡೂ, ಕೆಲವರಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಅಂತ ತಿಂದವರಿಗೂ ಗೊತ್ತಿರಲಿಲ್ಲ, ಕೊಟ್ಟ ಡಾಕ್ಟರಿಗೂ ಗೊತ್ತಿರಲಿಲ್ಲ. ಸುಮಾರು ಐದು ವರ್ಷ ಹೀಗೆ ನಡೆಯಿತು.

ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸ್ಟ್ಯಾಟಿನ್ ಸಿಕ್ಕವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಸುಮಾರು ನಾಲ್ಕನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ವಿಟಮಿನ್ ತಿಂದವರ ರಕ್ತದಲ್ಲಿ ವಿಟಮಿನ್ ಏನೋ ಏರಿತ್ತು. ಆದರೆ ಹೃದಯಾಘಾತದಲ್ಲಾಗಲಿ, ಪಾರ್ಶ್ವವಾಯುವಿನಲ್ಲಾಗಲಿ, ಕ್ಯಾನ್ಸರಿನಲ್ಲಾಗಲಿ, ಸಾವಿನಲ್ಲಾಗಲಿ ಒಂದಿಷ್ಟೂ ಇಳಿಕೆ ಇರಲಿಲ್ಲ. ಕೊಲೆಸ್ಟ್ರಾಲ್ ಕೂಡ ಇಳಿಯುವ ಬದಲು ತುಸು ಏರಿತ್ತು. ಅಂದರೆ ವಿಟಮಿನ್ ಈ ಮಾತ್ರೆಯ ಜಾಗದಲ್ಲಿ ಕೂರುವುದೂ ಇಲ್ಲ, ಮಾತ್ರೆಗೆ ಬಲ ಕೊಡುವುದೂ ಇಲ್ಲ.

ನಿಯಾಸಿನ್ ಎಂಬ ಇನ್ನೊಂದು ವಿಟಮಿನ್ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಇದು ಬಿ3. ಬಹಳ ಹೆಚ್ಚಿನ ಪ್ರಮಾಣದಲ್ಲಿ, ಅಂದರೆ ದಿನಕ್ಕೆ ಒಂದು ಎರಡು ಗ್ರಾಂ ಕೊಟ್ಟರೆ, ಇದು ನಿಜವಾಗಿಯೂ ಕೊಲೆಸ್ಟ್ರಾಲಿನ ಅಂಕಿ ಬದಲಿಸುತ್ತೆ. ಅದಕ್ಕಾಗಿ ಸ್ಟ್ಯಾಟಿನ್ ಜೊತೆಗೆ ಇದನ್ನೂ ಸೇರಿಸಿ ಕೊಡುತ್ತಿದ್ದ ಕಾಲವಿತ್ತು. 25,673 ಜನರ ಮೇಲೆ ನಡೆದ ಮತ್ತೊಂದು ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಅಂಕಿ ಚೆಂದವಾಯಿತು, ಹೃದಯಾಘಾತ ಮಾತ್ರ ಕಡಿಮೆಯಾಗಲಿಲ್ಲ. ಬದಲಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು, ಸ್ನಾಯುವಿಗೆ ಪೆಟ್ಟಾದವರು, ಸೋಂಕು ಮತ್ತು ರಕ್ತಸ್ರಾವ ಆದವರು ಹೆಚ್ಚಾದರು. ಆದ್ದರಿಂದ ಹೊರದೇಶದಿಂದ ಬಂದ ಡಬ್ಬಿಯ ಮೇಲೆ ನಿಯಾಸಿನ್ 500 ಮಿಲಿಗ್ರಾಂ ಅಂತ ಇದ್ದರೆ ಅದನ್ನು ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ನಮ್ಮ ಊರಿನ ಅಂಗಡಿಯ ಬಿ ಕಾಂಪ್ಲೆಕ್ಸ್ ಮಾತ್ರೆಗೆ ಈ ಭಯ ಬೇಡ. ಅದರಲ್ಲಿ ಸಾಮಾನ್ಯವಾಗಿ ನಿಯಾಸಿನಮೈಡ್ ಎಂಬ ಬೇರೆ ರೂಪ, ಅದೂ ಕಡಿಮೆ ಪ್ರಮಾಣದಲ್ಲಿ ಇರುತ್ತೆ. ಅದು ಕೊಲೆಸ್ಟ್ರಾಲನ್ನು ಏರಿಸುವುದಿಲ್ಲ, ಇಳಿಸುವುದಿಲ್ಲ.

ಬೆಳ್ಳುಳ್ಳಿ, ಅರಿಶಿನ, ಚಕ್ಕೆ

"ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಎಸಳು ಬೆಳ್ಳುಳ್ಳಿ ಸಾಕು" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಈಗ ಅದೇ ಬೆಳ್ಳುಳ್ಳಿ, ಅರಿಶಿನ, ಚಕ್ಕೆ ಕ್ಯಾಪ್ಸೂಲಿನ ವೇಷ ಹಾಕಿಕೊಂಡು ದುಬಾರಿ ಬೆಲೆಗೆ ಬರುತ್ತಿವೆ. ಅಮೆರಿಕದಲ್ಲಿ ಸುಮಾರು 190 ಜನರ ಮೇಲೆ ಇವನ್ನು ಪರೀಕ್ಷೆ ಮಾಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ರೋಸುವಾಸ್ಟ್ಯಾಟಿನ್ 5 ಮಿಲಿಗ್ರಾಂ, ಉಳಿದವರಿಗೆ ಬೆಳ್ಳುಳ್ಳಿ, ಅರಿಶಿನ, ಚಕ್ಕೆ, ಮೀನೆಣ್ಣೆ ಮುಂತಾದವುಗಳಲ್ಲಿ ಒಂದೊಂದು, ಕೆಲವರಿಗೆ ಖಾಲಿ ಮಾತ್ರೆ. 28 ದಿನದಲ್ಲಿ ರೋಸುವಾಸ್ಟ್ಯಾಟಿನ್ ತಿಂದವರ ಎಲ್.ಡಿ.ಎಲ್. ನೂರಕ್ಕೆ ಸುಮಾರು 38ರಷ್ಟು ಇಳಿದಿತ್ತು. ಖಾಲಿ ಮಾತ್ರೆಗಿಂತ ಹೆಚ್ಚಾಗಿ ಇಳಿಸುವುದು ಉಳಿದ ಯಾವುದರಿಂದಲೂ ಆಗಲಿಲ್ಲ.

ಅಂತ ಒಗ್ಗರಣೆಗೆ ಬೆಳ್ಳುಳ್ಳಿ ಹಾಕುವುದನ್ನು ನಿಲ್ಲಿಸಬೇಕಾಗಿಲ್ಲ. ಅಡಿಗೆಯಲ್ಲಿ ಅದು ಇರಲಿ, ಔಷಧಿ ಅಂತ ಕ್ಯಾಪ್ಸೂಲ್ ಕೊಳ್ಳುವ ಹಣ ಉಳಿಯಲಿ.

ಇದೇ ಸಾಲಿನಲ್ಲಿ ಎಚ್ಚರಿಕೆ ಬೇಕಾದದ್ದು "ರೆಡ್ ಈಸ್ಟ್ ರೈಸ್" ಎಂಬ ಕೆಂಪು ಅಕ್ಕಿಯ ಕ್ಯಾಪ್ಸೂಲ್. ನಮ್ಮ ಕರಾವಳಿಯವರು ಊಟ ಮಾಡುವ ಕೆಂಪು ಕುಚ್ಚಲಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಇದು ಅಕ್ಕಿಯ ಮೇಲೆ ಒಂದು ಬಗೆಯ ಬೂಷ್ಟು ಬೆಳೆಸಿ ಮಾಡುವಂಥದು. ಇದರಲ್ಲಿ ಲೋವಾಸ್ಟ್ಯಾಟಿನ್ ಎಂಬ ಔಷಧಿಯ ಅಂಶವೇ ಇರಬಹುದು. ಸ್ಟ್ಯಾಟಿನ್ ತಿನ್ನುವವರು ಇದನ್ನೂ ತಿಂದರೆ ಒಂದೇ ಬಗೆಯ ಔಷಧಿಯನ್ನು ಎರಡು ಸಲ ತಿಂದಂತೆ. ಸ್ನಾಯುವಿಗೂ ಲಿವರಿಗೂ ಅಪಾಯ.

ಕಾಲುನೋವು ಬಂದರೆ?

ವಿಟಮಿನ್ ಕಡೆಗೆ ಹೆಚ್ಚಿನವರು ತಿರುಗುವುದು ಈ ಕಾರಣಕ್ಕೆ. ಮಾತ್ರೆ ಶುರು ಮಾಡಿದ ಮೇಲೆ ತೊಡೆ, ಮೀನಖಂಡ ಹಿಡಿದುಕೊಳ್ಳುತ್ತೆ, ಮೆಟ್ಟಿಲು ಹತ್ತಲು ಆಗಲ್ಲ ಅಂತಾರೆ. ಸ್ಟ್ಯಾಟಿನ್ ಕೆಲವರಿಗೆ ಸ್ನಾಯುನೋವು ತರುವುದು ನಿಜ. ಆದರೆ ಬಂದ ನೋವೆಲ್ಲ ಮಾತ್ರೆಯದೇ ಅಲ್ಲ. ನೋವು ಅಂತ ಮಾತ್ರೆ ಬಿಟ್ಟಿದ್ದ 60 ಜನರಿಗೆ ಲಂಡನ್ನಿನಲ್ಲಿ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಖಾಲಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದೆ ಪರೀಕ್ಷೆ ಮಾಡಿದರು. 2020ರಲ್ಲಿ ಬಂದ ಫಲಿತಾಂಶ ನೋಡಿದರೆ, ಸ್ಟ್ಯಾಟಿನ್ ತಿಂದ ತಿಂಗಳಲ್ಲಿ ಕಂಡ ತೊಂದರೆಯ ನೂರಕ್ಕೆ ತೊಂಬತ್ತು ಭಾಗ ಖಾಲಿ ಮಾತ್ರೆ ತಿಂದ ತಿಂಗಳಲ್ಲೂ ಕಂಡಿತ್ತು. ಅವರ ನೋವು ಸುಳ್ಳು ಅಂತ ಅರ್ಥ ಅಲ್ಲ. ನೋವು ನಿಜವೇ, ಕಾರಣ ಮಾತ್ರ ಔಷಧಿಯದಾಗಿರಲಿಲ್ಲ. ವಿಷಯ ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು.

ಈ ನೋವನ್ನು ವಿಟಮಿನ್ ಡಿ ತಡೆಯುತ್ತಾ? ಅದನ್ನೂ ನೋಡಿದ್ದಾರೆ. ಹೊಸದಾಗಿ ಸ್ಟ್ಯಾಟಿನ್ ಶುರು ಮಾಡಿದ ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಜನಕ್ಕೆ ವಿಟಮಿನ್ ಡಿ, ಅರ್ಧದಷ್ಟು ಜನಕ್ಕೆ ಖಾಲಿ ಮಾತ್ರೆ. ಎರಡೂ ಕಡೆ ನೂರಕ್ಕೆ 31 ಜನ ಸ್ನಾಯುನೋವು ಅಂದರು. ಕೋಎನ್‌ಜೈಮ್ ಕ್ಯೂ10 ಎಂಬ ದುಬಾರಿ ಕ್ಯಾಪ್ಸೂಲ್ ಕೂಡ ಈ ನೋವಿಗೆ ಅಂತ ಮಾರಾಟವಾಗುತ್ತೆ. ಅದರಿಂದ ಗುಣವಾಗುತ್ತೆ ಅನ್ನುವುದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಸಾಲ ಮಾಡಿ ಕೊಳ್ಳುವಂಥದ್ದಂತೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಡಾಕ್ಟರಿಗೆ ಹೇಳಬೇಕು. ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಥೈರಾಯ್ಡ್ ಕಡಿಮೆ ಇದ್ದರೆ ಸುಸ್ತು, ಮೈಕೈ ನೋವು ಬರುತ್ತೆ, ಕೊಲೆಸ್ಟ್ರಾಲೂ ಏರುತ್ತೆ, ಸ್ಟ್ಯಾಟಿನ್‌ನಿಂದ ಸ್ನಾಯುವಿಗೆ ತೊಂದರೆಯಾಗುವ ಸಾಧ್ಯತೆಯೂ ಜಾಸ್ತಿ. ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಮಾತ್ರೆಯೇ ಕಾರಣ ಅಂತ ಕಂಡರೆ ಡಾಕ್ಟರು ಪ್ರಮಾಣ ಕಡಿಮೆ ಮಾಡಬಹುದು, ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಾಯಿಸಬಹುದು, ಬೇರೆ ಗುಂಪಿನ ಔಷಧಿಯನ್ನೂ ಕೊಡಬಹುದು. ದಾರಿ ಬೇಕಾದಷ್ಟಿದೆ.

ಒಂದು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ಮೈಯೆಲ್ಲ ತಡೆಯಲಾರದ ನೋವು, ಕೈಕಾಲಲ್ಲಿ ಬಲವೇ ಇಲ್ಲದಂತಾಗುವುದು, ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ಆಸ್ಪತ್ರೆಗೆ ಹೋಗಿ, ತಿನ್ನುತ್ತಿರುವ ಮಾತ್ರೆ ಜೊತೆಗೆ ಒಯ್ಯಿರಿ. ಇದು ಬಹಳ ಅಪರೂಪ, ಆದರೆ ಆದಾಗ ತಡಮಾಡಿದರೆ ಕಿಡ್ನಿಗೆ ಹಾನಿ.

ನಿಜವಾಗಿಯೂ ಬೇಕಾಗುವ ವಿಟಮಿನ್

ಇಷ್ಟು ಓದಿ ಇರುವ ವಿಟಮಿನ್ ಎಲ್ಲ ತಿಪ್ಪೆಗೆ ಎಸೆಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶ ಮತ್ತು ಫೋಲಿಕ್ ಆಸಿಡ್ ಮಾತ್ರೆಯನ್ನು ಸ್ಟ್ಯಾಟಿನ್ ತಿನ್ನುವವರೂ ತಗೊಳ್ಳಬಹುದು. ಟೀ, ಕಾಫಿ ಜೊತೆ ಮಾತ್ರ ಬೇಡ.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರಲ್ಲಿ ಬಿ12 ಕಡಿಮೆಯಾಗಬಹುದು. ಮೀನು, ಮೊಟ್ಟೆ, ಮಾಂಸ ತಿನ್ನದವರಲ್ಲಿ ಇನ್ನೂ ಬೇಗ. ಪಾದ ಜುಮ್ಮೆನ್ನುವುದು, ಉರಿ, ಮರೆವು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಬಿ12 ಬೇಕೇ ಬೇಕು, ಸ್ಟ್ಯಾಟಿನ್‌ಗೂ ಅದಕ್ಕೂ ಜಗಳವಿಲ್ಲ.

ವಿಟಮಿನ್ ಡಿ ಕೊರತೆ ಇದ್ದವರಿಗೆ ಡಾಕ್ಟರು 60,000 ಯೂನಿಟ್ಟಿನ ಪುಡಿ ಪೊಟ್ಟಣವನ್ನೋ ಕ್ಯಾಪ್ಸೂಲನ್ನೋ ಬರೆದುಕೊಡುತ್ತಾರೆ. ಅದು ಸಾಮಾನ್ಯವಾಗಿ ವಾರಕ್ಕೆ ಒಂದು, ಅದೂ ಕೆಲವು ವಾರ ಮಾತ್ರ. ಬೇಗ ವಾಸಿಯಾಗಲಿ ಅಂತ ದಿನಾ ಹಾಲಿಗೆ ಬೆರೆಸಿ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿ ವಾಂತಿ, ಗೊಂದಲ, ಕಿಡ್ನಿ ತೊಂದರೆ ಎಲ್ಲ ಬರಬಹುದು. ಚೀಟಿಯಲ್ಲಿ ವಾರಕ್ಕೊಂದು ಅಂತ ಬರೆದದ್ದು ಓದಲು ಬರದಿದ್ದರೆ ಅಂಗಡಿಯವರಿಂದ "ಭಾನುವಾರ ಮಾತ್ರ" ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ.

ಕೂದಲು ಉದುರುವುದಕ್ಕೆ ಅಂತ ಬಯೋಟಿನ್ ತಿನ್ನುವವರು ರಕ್ತ ಪರೀಕ್ಷೆಗೆ ಮೊದಲು ಅದನ್ನು ಹೇಳಬೇಕು. ಹೆಚ್ಚು ಬಯೋಟಿನ್ ಇದ್ದರೆ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಗುರುತಿಸುವ ಟ್ರೋಪೋನಿನ್ ಪರೀಕ್ಷೆ ಎರಡೂ ತಪ್ಪು ತೋರಿಸುವ ಸಾಧ್ಯತೆ ಇದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಿನ್ನುವವರಂತೂ ಕೆ ಅಥವಾ ಇ ಇರುವ ಯಾವ ವಿಟಮಿನ್ನನ್ನೂ ಕೇಳದೆ ಮುಟ್ಟಬಾರದು. ಇನ್ನು ಗರ್ಭಿಣಿಯಾದವರು, ಆಗಲು ಬಯಸುವವರು ಸ್ಟ್ಯಾಟಿನ್ ತಿನ್ನುತ್ತಿದ್ದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು, ಸಾಮಾನ್ಯವಾಗಿ ಅದನ್ನು ನಿಲ್ಲಿಸುತ್ತಾರೆ.

ಹಣದ ಮಾತು

ಪೌಡರ್ ಡಬ್ಬಿ ಮಾರುವವರು ಸಂಘದ ಸಭೆಗೇ ಬಂದು ಕೂರುತ್ತಾರೆ. ಮಾರುವವರೂ ನಮ್ಮ ಅಕ್ಕತಂಗಿಯರೇ ಆದ್ದರಿಂದ ಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ಅಂಥ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಇಂಥ ಪೂರಕ ಆಹಾರಗಳ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂಬ ಅರ್ಥದ ಮಾತನ್ನು ಮುದ್ರಿಸಲೇಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಅದರ ಮೇಲಿರುವ ಎಫ್.ಎಸ್.ಎಸ್.ಎ.ಐ. ನಂಬರು ಆಹಾರ ತಯಾರಿಕೆಯ ಲೈಸೆನ್ಸು ಮಾತ್ರ, ಕಾಯಿಲೆ ಗುಣಪಡಿಸುತ್ತೆ ಎಂಬ ಸರ್ಟಿಫಿಕೇಟ್ ಅಲ್ಲ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಸಂಘದಿಂದ ಸಾಲ ಎತ್ತಿ ಇಂಥ ಡಬ್ಬಿ ಕೊಂಡು, ಆ ಕಂತು ಕಟ್ಟಲಿಕ್ಕಾಗಿ ಡಾಕ್ಟರು ಬರೆದ ಮಾತ್ರೆ ನಿಲ್ಲಿಸುವುದು ಎಂಥ ಲೆಕ್ಕಾಚಾರ ಅಂತ ನೀವೇ ಯೋಚಿಸಿ. ಅಟೋರ್ವಾಸ್ಟ್ಯಾಟಿನ್ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ. ಕಂಪನಿಯ ಹೆಸರು ಬೇರೆಯಾದರೂ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಒಂದೇ ಇದೆಯಾ ಅಂತ ನೋಡಿ ತಗೊಳ್ಳಿ.

ಡಾಕ್ಟರ ಹತ್ತಿರ ಹೋಗುವಾಗ

ಮನೆಯಲ್ಲಿರುವ ಮಾತ್ರೆ, ಟಾನಿಕ್, ಪೌಡರ್, ಕಷಾಯ, ಆಯುರ್ವೇದದ ಲೇಹ್ಯ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಡಾಕ್ಟರು ಬೈದಾರು ಅಂತ ಅಡಗಿಸಿಡಬೇಡಿ. ಬೇರೆ ಕಾಯಿಲೆಗೆ ಬೇರೆ ಡಾಕ್ಟರನ್ನು ನೋಡುವಾಗಲೂ ಸ್ಟ್ಯಾಟಿನ್ ತಿನ್ನುತ್ತಿರುವುದನ್ನು ಹೇಳಿ. ಕೆಲವು ಆಂಟಿಬಯಾಟಿಕ್ ಮಾತ್ರೆಗಳು ಇದರ ಜೊತೆ ಕೂಡುವುದಿಲ್ಲ.

ಮಾತ್ರೆಗಳ ನಡುವೆ ಬಿಡುವು ಎಷ್ಟು ಅಂತಲೂ ಕೇಳಿಕೊಳ್ಳಿ. ಅಲ್ಯೂಮಿನಿಯಂ, ಮೆಗ್ನೀಶಿಯಂ ಇರುವ ಗ್ಯಾಸ್ ಟಾನಿಕ್ ಜೊತೆಗೇ ರೋಸುವಾಸ್ಟ್ಯಾಟಿನ್ ತಿಂದರೆ ಸುಮಾರು ಅರ್ಧದಷ್ಟು ಔಷಧಿ ಮೈಗೆ ಹತ್ತುವುದೇ ಇಲ್ಲ. ಮಾತ್ರೆ ನುಂಗಿ ಎರಡು ಗಂಟೆ ಕಳೆದ ಮೇಲೆ ಟಾನಿಕ್ ಕುಡಿಯಿರಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ.

ಹಣ್ಣಿನ ವಿಷಯ ಕೇಳುವವರಿದ್ದಾರೆ. ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸ ಹೆಚ್ಚಾಗಿ ಕುಡಿದರೆ ಅಟೋರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ರಕ್ತದಲ್ಲಿ ಜಾಸ್ತಿಯಾಗುತ್ತೆ. ನಮ್ಮ ದೇವನಹಳ್ಳಿಯ ಚಕ್ಕೋತ ಆ ಹಣ್ಣಿನ ಹತ್ತಿರದ ನೆಂಟ. ಆದ್ದರಿಂದ ಹಿತ್ತಲಲ್ಲಿ ಚಕ್ಕೋತದ ಮರ ಇದ್ದವರು ದಿನಾ ತಿನ್ನುವ ಮೊದಲು ಡಾಕ್ಟರನ್ನು ಕೇಳುವುದು ಒಳ್ಳೆಯದು. ಕಿತ್ತಳೆ, ಮೂಸಂಬಿ, ನಿಂಬೆಹಣ್ಣಿಗೆ ಈ ತೊಡಕಿಲ್ಲ.

ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಎರಡನ್ನೂ ದಿನದ ಯಾವ ಹೊತ್ತಿನಲ್ಲಾದರೂ ತಗೊಳ್ಳಬಹುದು, ದಿನಾ ಒಂದೇ ಹೊತ್ತು ಆದರೆ ನೆನಪಿರುತ್ತೆ. ಸಿಮ್ವಾಸ್ಟ್ಯಾಟಿನ್ ಮಾತ್ರ ರಾತ್ರಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ, ಆ ದಿನದ್ದು ಒಂದನ್ನೇ ತಗೊಳ್ಳಿ.